ಅಟ್ಟದ ಕೆಳಗಿನ ಕಂಪ್ಯೂಟರು

ಸ್ವಿಚ್ ಒತ್ತಿ, ಒಲೆಯ ಮೇಲೆ ಹಾಲಿಟ್ಟು, ಡಿಕಾಕ್ಷನ್ ಇಳಿಸಿ, ಕಾಫಿ ಕುಡಿದು, ಲೋಟ ತೊಳೆದು ಬೋರಲು ಹಾಕಿ ಬಂದರೂ ನಮ್ಮ ಮನೆಯ ಕಂಪ್ಯೂಟರಿನ ಪರದೆಯ ಮೇಲೆ ಆ ಬಿಳಿ ಚುಕ್ಕೆಗಳು ಸುತ್ತುತ್ತಲೇ ಇರುತ್ತಿದ್ದವು. ಎಂಟು ನಿಮಿಷ. ಗಡಿಯಾರ ಹಿಡಿದು ನೋಡಿದ್ದೇನೆ. ಪೇಜ್‌ಮೇಕರ್ ತೆರೆಯಲು ಇನ್ನೆರಡು. ಇದನ್ನು ಎರಡು ವರ್ಷ ಸಹಿಸಿಕೊಂಡೆ ಅನ್ನುವುದಕ್ಕಿಂತ ಎರಡು ವರ್ಷ ಹಟ ಹಿಡಿದೆ ಅನ್ನುವುದೇ ಸರಿ.

ಹಟಕ್ಕೆ ಕಾರಣ ನನ್ನ ಭಾವಮೈದ. ಬೆಂಗಳೂರಿನಲ್ಲಿ ಒಳ್ಳೆ ಕೆಲಸ, ಒಳ್ಳೆ ಸಂಬಳ. ಊರಿಗೆ ಬಂದಾಗಲೆಲ್ಲ ಚಪ್ಪಲಿ ಬಿಡುವ ಮುಂಚೆಯೇ, ‘ಇನ್ನೂ ಇದನ್ನ ಇಟ್ಕೊಂಡಿದೀರಾ ಭಾವ? ಗುಜರಿಗೆ ಹಾಕಿ’ ಅನ್ನುವುದು. ಗುಜರಿಗೆ ಹಾಕಲು ಅದೇನು ತೂತು ಬಿದ್ದ ಕೊಡವೇ? 2012ರಲ್ಲಿ ಬಿಡಿಭಾಗ ಕೂಡಿಸಿ ಕಟ್ಟಿಸಿದ ಯಂತ್ರ. ನಮ್ಮೂರು ಮಾಲೇಕಲ್ಲಿನ ಸುತ್ತಮುತ್ತ ಎಷ್ಟೋ ಮದುವೆ, ಗೃಹಪ್ರವೇಶ, ವೈಕುಂಠ ಸಮಾರಾಧನೆಗಳ ಪತ್ರಿಕೆಗಳು ಅದರ ಹೊಟ್ಟೆಯಿಂದ ಹೊರಟಿವೆ. ಅರಸೀಕೆರೆಯ ಮುದ್ರಣಾಲಯವೊಂದರಲ್ಲಿ ಮೊಳೆ ಜೋಡಿಸಿ ಬೆರಳು ಕರಿ ಮಾಡಿಕೊಂಡವನು ನಾನು. ಆಮೇಲೆ ಅಲ್ಲೇ ಡಿಟಿಪಿ ಕಲಿತೆ. ಕನ್ನಡ ಟೈಪಿಸುವ ನುಡಿ, ಪುಟ ಕಟ್ಟುವ ಪೇಜ್‌ಮೇಕರ್, ಇವೆರಡು ಗೊತ್ತು, ಮೂರನೆಯದು ಬೇಡ. ಪೇಜ್‌ಮೇಕರಿನ ಏಳನೇ ಆವೃತ್ತಿ ಬಂದದ್ದು 2001ರಲ್ಲಿ, ಅದೇ ಕೊನೆಯದು. ಹೊಸ ಯಂತ್ರದಲ್ಲಿ ಅದು ಓಡುತ್ತದೋ ಇಲ್ಲವೋ ಎಂಬ ಭಯ ನನ್ನಂಥ ಡಿಟಿಪಿಯವರಿಗೆಲ್ಲ ಇದೆ. ಬೆಂಗಳೂರಿನವರಿಗೆ ಇದು ಅರ್ಥವಾಗುವುದಿಲ್ಲ.

ಆದರೆ ತಪ್ಪು ನನ್ನದೂ ಇತ್ತು. ಮೊದಲನೆಯದು, ಕಂಪ್ಯೂಟರನ್ನು ಅಟ್ಟದ ಕೆಳಗೆ ಇಟ್ಟದ್ದು. ನಮ್ಮ ಸೀಮೆಯಲ್ಲಿ ಅಟ್ಟ ಎಂದರೆ ಏನೆಂದು ಹೇಳಬೇಕಿಲ್ಲ. ಉಂಡೆ ಕೊಬ್ಬರಿಯಾಗಲು ಕಾಯಿ ತಿಂಗಳುಗಟ್ಟಲೆ ಅಲ್ಲೇ ಮಲಗಿರುತ್ತದೆ. ಮೇಲೆ ಇಲಿ ಓಡಿದರೆ ಕೆಳಗೆ ನಾರಿನ ಪುಡಿ ಉದುರುತ್ತದೆ. ಪಕ್ಕದ ಅಂಗಳದಲ್ಲಿ ಕಾಯಿ ಸುಲಿದರೆ ಅದರ ಧೂಳೂ ಬರುತ್ತದೆ. ಡಬ್ಬದ ಫ್ಯಾನು ಅದನ್ನೆಲ್ಲ ಶ್ರದ್ಧೆಯಿಂದ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಒಂದು ದಿನ ಪಕ್ಕದ ಬಾಗಿಲು ಬಿಚ್ಚಿ ನೋಡಿದರೆ ಪ್ರೊಸೆಸರಿನ ಮೇಲಿನ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ನಾರು ಮೆತ್ತಿಕೊಂಡು, ಗುಬ್ಬಚ್ಚಿ ಗೂಡಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಬಿಸಿ ಹೊರಹೋಗದಿದ್ದರೆ ಪ್ರೊಸೆಸರು ಸುಟ್ಟುಹೋಗದಿರಲೆಂದು ತಾನೇ ವೇಗ ಇಳಿಸಿಕೊಳ್ಳುತ್ತದೆ. ಬಣ್ಣ ಬಳಿಯುವ ಬ್ರಷ್ಷಿನಲ್ಲಿ ಗುಡಿಸಿ, ಶಾಖ ದಾಟಿಸುವ ಆ ಬೂದು ಬಣ್ಣದ ಪೇಸ್ಟನ್ನು ಹೊಸದಾಗಿ ಹಚ್ಚಿದ ಮೇಲೆ ಫ್ಯಾನಿನ ಬೊಬ್ಬೆ ನಿಂತಿತು. ನಿಧಾನ ಮಾತ್ರ ಹಾಗೇ ಉಳಿಯಿತು.

ಆಮೇಲೆ ಶುರುವಾಯಿತು ನನ್ನ ವೈದ್ಯ. ತಾತ್ಕಾಲಿಕ ಕಡತಗಳನ್ನು ಅಳಿಸಿದೆ. ಯಂತ್ರ ಎದ್ದ ಕೂಡಲೇ ತಾವೂ ಏಳುವ ಹತ್ತಾರು ಪ್ರೋಗ್ರಾಮುಗಳನ್ನು ನಿಲ್ಲಿಸಿದೆ. ಇದರಿಂದ ಒಂದಿಷ್ಟು ಗುಣ ಕಂಡಿತು, ಸುಳ್ಳು ಹೇಳಬಾರದು. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ‘ನಿಮ್ಮ ಕಂಪ್ಯೂಟರಿನಲ್ಲಿ ಒಂದು ಸಾವಿರಕ್ಕೂ ಹೆಚ್ಚು ದೋಷಗಳಿವೆ’ ಎಂದು ಕೆಂಪಕ್ಷರದಲ್ಲಿ ಹೆದರಿಸುವ ವೇಗವರ್ಧಕವೊಂದನ್ನು ದುಡ್ಡು ಕೊಟ್ಟು ಹಾಕಿಕೊಂಡೆ. ದೋಷ ತೆಗೆಯಲು ಬಂದದ್ದು ತಾನೇ ಒಂದು ಹೊಸ ದೋಷವಾಗಿ ಬೆಳಗ್ಗೆ ಎದ್ದ ಕೂಡಲೇ ಓಡತೊಡಗಿತು. ಒಂದು ಆ್ಯಂಟಿವೈರಸ್ ಇದ್ದದ್ದಕ್ಕೆ ಇನ್ನೊಂದನ್ನು ಸೇರಿಸಿದೆ. ಇಬ್ಬರು ಕಾವಲುಗಾರರು ಒಂದೇ ಕಡತವನ್ನು ಹಿಡಿದು ‘ನಾನು ನೋಡ್ತೀನಿ, ನೀನು ಬಿಡು’ ಎಂದು ಜಗ್ಗಾಡಿದರೆ ಕೆಲಸ ಸಾಗೀತೇ?

ಪೇಟೆಯ ಅಂಗಡಿಯ ಹುಡುಗ ಬೇರೆ. ಏನೇ ಹೇಳಿದರೂ ಅವನದು ಒಂದೇ ಮದ್ದು: ‘ಫಾರ್ಮ್ಯಾಟ್ ಹೊಡ್ಯೋಣ ಸಾರ್.’ ಮೂರು ಸಲ ಹೊಡೆದ. ಪ್ರತಿ ಸಲ ಐನೂರು. ಪ್ರತಿ ಸಲ ಒಂದು ವಾರ ಚುರುಕು, ಎರಡನೇ ವಾರ ಮತ್ತೆ ಕಾಫಿ. ಮೂರು ಸಲವೂ ಒಳಗಿನ ಹಾರ್ಡ್‌ಡಿಸ್ಕ್ ಹೇಗಿದೆ ಎಂದು ಆ ಪುಣ್ಯಾತ್ಮ ಒಮ್ಮೆಯೂ ನೋಡಲಿಲ್ಲ. ನಾನೂ ಕೇಳಲಿಲ್ಲ ಬಿಡಿ.

ರ‍್ಯಾಮ್ ಹಾಕಿಸಿದ್ದು ಆವರೆಗಿನ ಒಂದೇ ಸರಿಯಾದ ಖರ್ಚು. ಅದರ ಕೆಲಸ ನನಗೆ ಅರ್ಥವಾದದ್ದು ನಮ್ಮ ಮಾಲೇಕಲ್ಲು ಬೆಟ್ಟವನ್ನು ನೆನೆದಾಗ. ವೆಂಕಟರಮಣಸ್ವಾಮಿ ಇರುವುದು ಸಾವಿರಕ್ಕೂ ಹೆಚ್ಚು ಮೆಟ್ಟಿಲ ಮೇಲೆ. ಹೂವು, ಹಣ್ಣು, ಕಾಯಿ ಎಲ್ಲ ಇರುವುದು ಬುಡದಲ್ಲಿ ಎಂದಿಟ್ಟುಕೊಳ್ಳಿ. ಅರ್ಚಕರ ಕೈಯಲ್ಲಿ ದೊಡ್ಡ ಹರಿವಾಣವಿದ್ದರೆ ಒಂದೇ ಸಲಕ್ಕೆ ಎಲ್ಲ ತುಂಬಿಕೊಂಡು ಹತ್ತುತ್ತಾರೆ. ಅಂಗೈಯಷ್ಟು ತಟ್ಟೆಯಾದರೆ ಒಂದೊಂದು ಹೂವಿಗೂ ಇಳಿದು ಹತ್ತಬೇಕು. ಹರಿವಾಣವೇ ರ‍್ಯಾಮು. ಬುಡದ ಅಂಗಡಿಯೇ ಹಾರ್ಡ್‌ಡಿಸ್ಕು. 2 ಜಿಬಿ ತಟ್ಟೆ ಇಟ್ಟುಕೊಂಡು ವಿಂಡೋಸ್ 10 ಓಡಿಸಿದರೆ ಅರ್ಚಕರ ಮಂಡಿ ಏನಾಗಬೇಕು! ಹಳೆಯ ಡಿಡಿಆರ್3 ರ‍್ಯಾಮ್ ಸೆಕೆಂಡ್‌ಹ್ಯಾಂಡಿನಲ್ಲಿ ಸಿಕ್ಕಿತು, 8 ಜಿಬಿ ಮಾಡಿಸಿದೆ. ಹರಿವಾಣ ದೊಡ್ಡದಾಯಿತು, ಸರಿ. ಬುಡದ ಅಂಗಡಿಯವನೇ ಹಾಸಿಗೆ ಹಿಡಿದಿದ್ದಾನೆ ಎಂಬುದು ಆಗಲೂ ತಲೆಗೆ ಹೋಗಲಿಲ್ಲ.

2024ರ ಆಷಾಢ. ಬೇರೆ ಕಡೆ ಆಷಾಢವೆಂದರೆ ಶುಭಕಾರ್ಯಕ್ಕೆ ರಜ, ಡಿಟಿಪಿಯವನಿಗೆ ನೊಣ ಹೊಡೆಯುವ ಕೆಲಸ. ನಮ್ಮಲ್ಲಿ ಹಾಗಲ್ಲ, ಆಷಾಢಕ್ಕೇ ಬೆಟ್ಟದ ಜಾತ್ರೆ. ಹೊಸದಾಗಿ ಮದುವೆಯಾದವರು ಜೋಡಿಯಾಗಿ ಬಂದು ತೇರಿಗೆ ಬಾಳೆಹಣ್ಣು ಎಸೆಯುತ್ತಾರೆ. ನಮ್ಮ ಬೀದಿಯವರದು ಜಾತ್ರೆಗೆ ಬಂದವರಿಗೆ ಊಟ ಹಾಕುವ ರೂಢಿ. ಅದಕ್ಕೆ ಕರಪತ್ರ, ಕರಪತ್ರದ ಹಿಂಬದಿಯಲ್ಲಿ ದಾನಿಗಳ ಪಟ್ಟಿ. ಒಟ್ಟು 186 ಹೆಸರು. ಯಾರದು ಅಕ್ಕಿ, ಯಾರದು ಬೆಲ್ಲ, ಯಾರದು ಸೌದೆ, ಎಲ್ಲದರ ವಿವರ. ಮೂರು ದಿನ ಕೂತು ಹೊಡೆದಿದ್ದೆ. ಬೆಳಗ್ಗೆ ಏಳಕ್ಕೆ ಮುದ್ರಣಾಲಯಕ್ಕೆ ಒಯ್ಯಬೇಕು.

ಹಿಂದಿನ ರಾತ್ರಿ ಹತ್ತೂವರೆ. ಕೊನೆಯ ಸಾಲು ಹೊಡೆದು ಉಳಿಸಲು ಒತ್ತಿದೆ. ಸುತ್ತುವ ನೀಲಿ ಬಳೆ ಬಂತು, ಹೋಗಲಿಲ್ಲ. ಮೂರು ನಿಮಿಷ ಕಾದೆ. ಕೊನೆಗೆ ಉಳಿಯಿತು. ಉಳಿಯಿತಲ್ಲ, ಎದ್ದು ಮಲಗಬೇಕಿತ್ತು. ಒಂದು ಪೆನ್‌ಡ್ರೈವಿಗೆ ಹಾಕಿ ಮಲಗಬೇಕಿತ್ತು. ಪೆನ್‌ಡ್ರೈವು ಮೇಜಿನ ಮೇಲೆ, ಕೈಗೆ ಎಟುಕುವಷ್ಟು ಹತ್ತಿರ, ವಿಭೂತಿ ಡಬ್ಬಿಯ ಪಕ್ಕದಲ್ಲೇ ಇತ್ತು. ನನಗೆ ಸಿಟ್ಟು ಬಂದಿತ್ತು. ಇದಕ್ಕೊಂದು ಗತಿ ಕಾಣಿಸಿಯೇ ಮಲಗುತ್ತೇನೆಂದು ಡಿಸ್ಕ್ ಡಿಫ್ರಾಗ್ ಹಚ್ಚಿದೆ. ಚೆಲ್ಲಾಪಿಲ್ಲಿಯಾದ ಕಡತದ ತುಂಡುಗಳನ್ನು ಒಟ್ಟುಗೂಡಿಸಿ ಸಾಲಾಗಿ ಜೋಡಿಸುವ ಕೆಲಸ ಅದು. ಗಟ್ಟಿಮುಟ್ಟಾದ ಹಾರ್ಡ್‌ಡಿಸ್ಕಿಗೆ ಒಳ್ಳೆಯದೇ. ಕಾಯಿಲೆಯ ಡಿಸ್ಕಿಗೆ ಮಾತ್ರ, ಎದೆನೋವಿನವನ ಹೆಗಲಿಗೆ ಕಾಯಿಮೂಟೆ ಹೊರಿಸಿ ಮಾಲೇಕಲ್ಲು ಹತ್ತಿಸಿದ ಹಾಗೆ.

ಹನ್ನೊಂದು ಗಂಟೆ ಹೊತ್ತಿಗೆ ಸದ್ದು ಶುರುವಾಯಿತು. ಟಕ್. ಒಂದು ಉಸಿರು ಬಿಟ್ಟು, ಟಕ್. ಮೊದಲು ಅಟ್ಟದ ಮೇಲಿನ ಇಲಿ ಅಂದುಕೊಂಡೆ. ಎದ್ದು ಕೋಲಿನಿಂದ ಅಟ್ಟ ಕುಟ್ಟಿದೆ. ಎರಡು ಹಿಡಿ ನಾರು ತಲೆಯ ಮೇಲೆ ಬಿತ್ತು. ಸದ್ದು ನಿಲ್ಲಲಿಲ್ಲ. ಬಗ್ಗಿ ಡಬ್ಬಕ್ಕೆ ಕಿವಿಯಿಟ್ಟೆ. ಒಳಗೆ ಯಾರೋ ಬಾಗಿಲು ಬಡಿದು ‘ತೆಗೀರಿ, ತೆಗೀರಿ’ ಅಂದ ಹಾಗಿತ್ತು. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಯ ಮೇಲೆ, ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ತೇಲುವ ಮುಳ್ಳು ತನ್ನ ಜಾಗ ಸಿಗದೆ ಹೋಗಿ ಬಂದು, ಹೋಗಿ ಬಂದು ಬಡಿಯುವ ಸದ್ದದು. ಆಗ ನನಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ಕ್ಷಣವೇ ಕರೆಂಟು ತೆಗೆಯುತ್ತಿದ್ದೆ. ನಾನು ಮಾಡಿದ್ದೇನು? ಡಬ್ಬದ ಪಕ್ಕೆಗೆ ಎರಡು ತಟ್ಟಿದೆ.

ಪರದೆ ನೀಲಿಯಾಯಿತು. ಆಮೇಲೆ ಕಪ್ಪು. ಕಪ್ಪಿನ ಮೇಲೆ ಇಂಗ್ಲಿಷಿನ ಒಂದೇ ಸಾಲು: ಬೂಟ್ ಮಾಡಲು ಸಾಧನವೇ ಇಲ್ಲ. ಆಫ್ ಮಾಡಿದೆ, ಆನ್ ಮಾಡಿದೆ. ಟಕ್. ಮತ್ತೆ ಅದೇ ಸಾಲು. ಹೀಗೆ ಎಷ್ಟು ಸಲ ಮಾಡಿದೆನೋ. ಅಷ್ಟೂ ಸಲ ಸಾಯುತ್ತಿರುವುದನ್ನು ಎಬ್ಬಿಸಿ ಎಬ್ಬಿಸಿ ಇನ್ನಷ್ಟು ಕೊಂದೆ.

ಮನೆಯವಳು ಎದ್ದು ಬಂದು ಬಾಗಿಲಲ್ಲಿ ನಿಂತಳು. ಏನೂ ಕೇಳಲಿಲ್ಲ. ಅವಳು ಕೇಳದಿದ್ದದ್ದೇ ಹೆಚ್ಚು ಚುಚ್ಚಿತು. ಮನೆಯಲ್ಲಿ ಆ ರಾತ್ರಿ ಇನ್ನಿಬ್ಬರು ಮಲಗಿದ್ದರು. ಯಾರು ಅಂತೀರಿ? ಅದೇ ಭಾವಮೈದನ ಮಗಳು ಮತ್ತು ಹೊಸ ಅಳಿಯ, ತೇರಿಗೆಂದು ಬಂದವರು. ಈ ಸುದ್ದಿ ಬೆಳಗಾಗುವುದರೊಳಗೆ ಬೆಂಗಳೂರಿಗೆ ಮುಟ್ಟುತ್ತದೆ ಎಂಬ ಯೋಚನೆಯೇ ಕಳೆದುಹೋದ ಪಟ್ಟಿಗಿಂತ ನನ್ನನ್ನು ಹೆಚ್ಚು ಸುಟ್ಟಿತು.

ಅಳಿಯ ಸದ್ದಿಗೆ ಎಚ್ಚರವಾಗಿ ಬಂದ. ನಾನು ಏನೋ ಹೇಳಹೊರಟೆ. ಅವನು ಡಬ್ಬಕ್ಕೆ ಕಿವಿಯಿಟ್ಟು, ಸೀದಾ ಹೋಗಿ ಗೋಡೆಯ ಪ್ಲಗ್ ಕಿತ್ತ. ‘ಇನ್ನು ಆನ್ ಮಾಡ್ಬೇಡಿ ಮಾವ’ ಅಂದ, ಅಷ್ಟೇ. ತನ್ನ ಚೀಲದಿಂದ ಒಂದು ತಂತಿ, ಅದರ ಪವರ್ ಅಡಾಪ್ಟರು ತೆಗೆದ. ಹಾರ್ಡ್‌ಡಿಸ್ಕ್ ಬಿಚ್ಚಿ, ತಣ್ಣಗಾಗಲು ಅರ್ಧ ಗಂಟೆ ಬಿಟ್ಟು, ಆ ತಂತಿಯಲ್ಲಿ ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದ. ಅದೃಷ್ಟಕ್ಕೆ ಒಂದು ಸಲ ತಿರುಗಿತು. ‘ಯಾವುದು ಮೊದಲು ಬೇಕು, ಬೇಗ ಹೇಳಿ’ ಎಂದ. ಅಮ್ಮನ ಫೋಟೋಗಳು ಅಂದೆ. ಪಟ್ಟಿ ಅನ್ನಬೇಕಿತ್ತೇನೋ, ಬಾಯಲ್ಲಿ ಬಂದದ್ದು ಅದು. ಫೋಟೋಗಳು ಬಂದವು. ಹಳೆಯ ಪತ್ರಿಕೆಗಳ ಮುಕ್ಕಾಲು ಪಾಲು ಬಂದವು. ಕರಪತ್ರದ ಹತ್ತಿರ ಬಂದಾಗ ನಕಲಾಗುವುದನ್ನು ತೋರಿಸುವ ಹಸಿರು ಪಟ್ಟಿ ನಿಂತೇ ಹೋಯಿತು. ಟಕ್, ಟಕ್, ಆಮೇಲೆ ಸದ್ದೂ ಇಲ್ಲ.

ರಾತ್ರಿ ಒಂದು ಗಂಟೆಗೆ ಮತ್ತೆ ಮೊದಲಿನಿಂದ. ಅವನ ಲ್ಯಾಪ್‌ಟಾಪಿನಲ್ಲಿ ನುಡಿ ಇರಲಿಲ್ಲ. ಇದ್ದ ಕನ್ನಡ ಕೀಲಿಮಣೆ ಇನ್‌ಸ್ಕ್ರಿಪ್ಟ್. ನುಡಿಯಲ್ಲಿರುವ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸಕ್ಕೆ ಪಳಗಿದ ಬೆರಳುಗಳಿಗೆ ಅದು ಪರದೇಶ. ಒತ್ತಕ್ಷರಕ್ಕೆಂದು ಎಫ್ ಒತ್ತಿದರೆ ಇನ್ನೇನೋ ಬೀಳುತ್ತಿತ್ತು. ದನದ ಕೊಟ್ಟಿಗೆಯ ಹತ್ತಿರ ಮೊಬೈಲಿಗೆ ಸಿಗ್ನಲ್ ಸಿಗುತ್ತದೆ. ಅಲ್ಲಿ ನಿಂತು ಹುಡುಗ ನುಡಿಯನ್ನು ಇಳಿಸಿಕೊಂಡು ಬಂದ. ಉಳಿದ ಹಳೆಯ ಕಡತವೊಂದನ್ನು ಅದಕ್ಕೂ ಮುಂಚೆ ತೆರೆದು ನೋಡಿ ನಾನು ಇನ್ನೊಮ್ಮೆ ಬೆವೆತಿದ್ದೆ: ಕನ್ನಡವೇ ಇಲ್ಲ, ಇಂಗ್ಲಿಷ್ ಅಕ್ಷರಗಳಿಗೆ ಕೊಂಬು ಬಾಲ ಬಂದು ಕುಣಿಯುತ್ತಿದ್ದವು. ನುಡಿಯ ಫಾಂಟು ಕೂತ ಕೂಡಲೇ ಅದೇ ಸಾಲು ‘ಶ್ರೀ ವೆಂಕಟರಮಣಸ್ವಾಮಿ ಪ್ರಸನ್ನ’ ಆಯಿತು. ಹೀಗೆ ಫಾಂಟನ್ನೇ ನಂಬಿದ ಹಳೆಯ ಆಸ್ಕಿ ಕಡತಗಳಿರುವವರು ಇದೊಂದನ್ನು ನೆನಪಿಡಿ, ಅದು ಕೆಟ್ಟಿರುವುದಿಲ್ಲ, ಫಾಂಟ್ ಇರುವುದಿಲ್ಲ.

ಮನೆಯವಳು ನೋಟ್‌ಬುಕ್ ಹಿಡಿದು ಓದುತ್ತಾ ಹೋದಳು. ‘ಕೆರೆ ಹಿಂದಲ ಮನೆಯವರು, ಅಕ್ಕಿ ಇಪ್ಪತ್ತೈದು ಕೇಜಿ. ಮೇಷ್ಟ್ರ ಮನೆ, ಎಣ್ಣೆ ಒಂದು ಡಬ್ಬ.’ ನಾನು ಹೊಡೆಯುತ್ತಾ ಹೋದೆ. ನಡುವೆ ತೂಕಡಿಸಿದಳು, ನಾನೂ ತೂಕಡಿಸಿದೆ. ಹೊಸ ಮದುವೆ ಹುಡುಗಿ ಕಾಫಿ ಮಾಡಿಕೊಟ್ಟಳು. ಆರೂವರೆಗೆ ಮುಗಿಯಿತು.

ಜಾತ್ರೆ ಕಳೆದ ಮೇಲೆ ಅಳಿಯನೇ ಹೇಳಿದ ಹಾಗೆ 240 ಜಿಬಿಯ ಒಂದು ಎಸ್‌ಎಸ್‌ಡಿ ತರಿಸಿದೆ. ಎರಡು ಸಾವಿರದೊಳಗೆ ಬಂತು. ಮೂರು ಫಾರ್ಮ್ಯಾಟು, ಒಂದು ವೇಗವರ್ಧಕದ ದುಡ್ಡು ಕೂಡಿದರೆ ಅಷ್ಟೇ ಆಗುತ್ತದೆ. ಅದರಲ್ಲಿ ತಿರುಗುವ ತಟ್ಟೆಯಿಲ್ಲ, ಮುಳ್ಳಿಲ್ಲ, ಅರ್ಚಕರು ಕೇಳಿದ ಕೂಡಲೇ ಅಂಗಡಿಯವನು ಎತ್ತಿಕೊಡುತ್ತಾನೆ. ನಮ್ಮ ಬೋರ್ಡು ಹಳೆಯದಾದ್ದರಿಂದ ಅದರ ಪೂರ್ತಿ ವೇಗ ಸಿಗುವುದಿಲ್ಲವಂತೆ. ಸಿಕ್ಕಿದ್ದೇ ನನಗೆ ಸಾಕು: ಎಂಟು ನಿಮಿಷ ಹೋಗಿ ಇಪ್ಪತ್ತೈದು ಸೆಕೆಂಡಿಗೆ ಬಂತು. ಈಗ ಕಾಫಿ ಕುಡಿಯಲು ಬೇರೆ ನೆಪ ಹುಡುಕಬೇಕಾಗಿದೆ.

ಕೇಳಿದವರಿಗೆ ನಾನು ಹೇಳುವುದು ಸ್ವಲ್ಪವೇ. ನಿಧಾನ ಎಂದ ಕೂಡಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ನೋಡಿ. ನೀವು ಏನೂ ಮಾಡದಿದ್ದರೂ ಡಿಸ್ಕಿನ ಕೆಳಗೆ ನೂರು ಪ್ರತಿಶತ ನಿಂತೇ ಇದ್ದು, ಓದುವ ಬರೆಯುವ ವೇಗ ಮಾತ್ರ ತೆವಳುತ್ತಿದ್ದರೆ ಡಿಸ್ಕಿನ ಮೇಲೆ ಅನುಮಾನ ಪಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಅದರ ನಾಡಿ ಹಿಡಿದು ಹೇಳುತ್ತದೆ. ನೀಲಿಯಿದ್ದರೆ ಸರಿ, ಹಳದಿ ಬಂದರೆ ಮೊದಲು ನಕಲು, ಆಮೇಲೆ ಉಳಿದದ್ದು. ಎಸ್‌ಎಸ್‌ಡಿಗೆ ಡಿಫ್ರಾಗ್ ಬೇಡ. ಇನ್ನೊಂದು, ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನನ್ನ ಯಂತ್ರದಲ್ಲಿ 11 ಕೂರುವುದಿಲ್ಲ, ಅದು ಕೇಳುವ ಭದ್ರತಾ ಚಿಪ್ಪು ಇದರಲ್ಲಿಲ್ಲ. ಹಾಗಾಗಿ ಬ್ಯಾಂಕಿನ ವ್ಯವಹಾರ ಇದರಲ್ಲಿ ಮಾಡುವುದಿಲ್ಲ, ಪತ್ರಿಕೆ ಮಾತ್ರ. ಗುಜರಿಗಂತೂ ಹಾಕುವುದಿಲ್ಲ. ಕಂಪ್ಯೂಟರು ಈಗ ಅಟ್ಟದ ಕೆಳಗಿಲ್ಲ, ದೇವರ ಕೋಣೆಯ ಪಕ್ಕಕ್ಕೆ ಬಂದಿದೆ. ಭಾವಮೈದ ಫೋನಿನಲ್ಲಿ, ‘ನಾನು ಹೇಳಿರಲಿಲ್ವಾ?’ ಅಂದ. ಹೇಳಿದ್ದು ಹೊಸದು ತಗೊಳ್ಳಿ ಅಂತ, ಡಿಸ್ಕ್ ಬದಲಿಸಿ ಅಂತ ಅಲ್ಲ. ಇದನ್ನು ಅವನಿಗೆ ಸ್ಪಷ್ಟವಾಗಿ ಹೇಳಿದ್ದೇನೆ.

ಆ ರಾತ್ರಿಯ ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋಗಿತ್ತು. ಮನೆಯವಳು ತೂಕಡಿಸಿದ ಹೊತ್ತೋ, ನಾನು ತೂಕಡಿಸಿದ ಹೊತ್ತೋ ತಿಳಿಯದು. 185 ಹೆಸರು ಅಚ್ಚಾಗಿ ಊರೆಲ್ಲ ಹಂಚಿಹೋಯಿತು. ಬಿಟ್ಟುಹೋದವರು ನಮ್ಮ ಬೀದಿಯ ಕೊನೆಯ ಮನೆಯವರು, ನೂರು ಕಾಯಿ ಕೊಟ್ಟಿದ್ದರು. 2025ರ ಪಟ್ಟಿಯಲ್ಲಿ ಅವರ ಹೆಸರನ್ನು ಎಲ್ಲಕ್ಕಿಂತ ಮೇಲೆ, ದಪ್ಪಕ್ಷರದಲ್ಲಿ ಹಾಕಿ, ಕಡತವನ್ನು ಮೂರು ಕಡೆ ಉಳಿಸಿದೆ. ಕರಪತ್ರ ಕೊಡಲು ನಾನೇ ಅವರ ಮನೆಗೆ ಹೋದೆ. ಜಗಲಿಯಲ್ಲಿ ಕೂತು ಕಾಯಿ ಸುಲಿಯುತ್ತಿದ್ದರು. ಕರಪತ್ರ ತೆಗೆದುಕೊಂಡು, ನೋಡದೆ ಮಡಿಚಿ, ಗುಡ್ಡೆಯ ಕೆಳಗಿಟ್ಟು ಮತ್ತೆ ಸುಲಿಯತೊಡಗಿದರು.