ಯಾರ ತಾಟು ನೋಡ್ತೀ, ತಂಗಿ?

ತಂಗಿ, ಪಿಯುಸಿ ಮುಗಿಸಿ ಆಹಾರ, ಪೋಷಣೆಯ ಓದಿಗೆ ಹೋಗ್ತೀನಿ ಅಂದಿ. ಬಹಳ ಸಂತೋಷ. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಈ ವಿದ್ಯೆ ಕಲಿತವರು ಬೇಕೇ ಬೇಕು. ಆದರೆ ಡಯಟಿಷಿಯನ್ ಆಗಲೋ ನ್ಯೂಟ್ರಿಷನಿಸ್ಟ್ ಆಗಲೋ ಅನ್ನುವುದನ್ನು ಸಂಬಳ ಕೇಳಿ ತೀರ್ಮಾನಿಸಬೇಡ. ನಿನ್ನೆದುರು ಯಾರು ಕೂತಿರಬೇಕು ಅಂತ ಮೊದಲು ಯೋಚಿಸು.

ಡಯಟಿಷಿಯನ್ ಎದುರು ಕೂಡುವವನು ರೋಗಿ. ಶಹಾಬಾದಿನ ಫರಸಿ ಖಣಿಯಲ್ಲಿ ದುಡಿದವನೊಬ್ಬನ ಕಿಡ್ನಿ ಸೋತು ಡಯಾಲಿಸಿಸ್ ನಡೆದಿದೆ ಅಂತಿಟ್ಟುಕೋ. ಅವನು ಹುಟ್ಟಿದಾಗಿನಿಂದ ಉಂಡದ್ದು ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಪುಂಡಿಪಲ್ಯೆ. ಪೊಟ್ಯಾಸಿಯಂ ಏರಿದರೆ ಎದೆಬಡಿತವೇ ತಪ್ಪುತ್ತದೆ. ಬ್ಯಾಳಿಯಲ್ಲೂ ಸೊಪ್ಪಿನಲ್ಲೂ ಅದು ಹೆಚ್ಚು. ಇತ್ತ ಡಯಾಲಿಸಿಸ್‌ನಲ್ಲಿ ಪ್ರೋಟೀನ್ ಸೋರಿಹೋಗುವುದರಿಂದ ಅದನ್ನು ತುಂಬಲೂಬೇಕು. ‘ಬ್ಯಾಳಿ ಬಿಡು’ ಅಂತಷ್ಟೇ ಹೇಳಿ ಕಳಿಸಿದರೆ ಅವನು ಉಣ್ಣುವುದೇನು? ಬ್ಯಾಳಿ ಎಷ್ಟು, ತತ್ತಿಯ ಬಿಳಿ ಎಷ್ಟು, ಪಲ್ಯೆ ಕುದಿಸಿದ ನೀರು ಯಾಕೆ ಚೆಲ್ಲಬೇಕು ಅನ್ನುವುದನ್ನು ರಕ್ತದ ರಿಪೋರ್ಟು ನೋಡಿ, ಡಾಕ್ಟರ ಜೊತೆ ಮಾತಾಡಿ, ಅವನ ಹೆಂಡತಿಗೆ ತಿಳಿಯುವ ಹಾಗೆ ಹೇಳಬೇಕು. ಆ ಕೈಗುಣ ಆಸ್ಪತ್ರೆಯ ವಾರ್ಡಿನಲ್ಲೇ ಬರಬೇಕು. ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್‌ನ ರಿಜಿಸ್ಟರ್ಡ್ ಡಯಟಿಷಿಯನ್ ಪರೀಕ್ಷೆಗೂ ಆಸ್ಪತ್ರೆ ಇಂಟರ್ನ್‌ಶಿಪ್ ಆಗಿರಬೇಕು.

ನ್ಯೂಟ್ರಿಷನಿಸ್ಟ್‌ಗಳಲ್ಲಿ ಹಲವರ ಎದುರು ಇಡೀ ಊರೇ ಇರುತ್ತದೆ: ಅಂಗನವಾಡಿ ಮಕ್ಕಳು, ಮಾತೃಪೂರ್ಣ ಯೋಜನೆಯ ಊಟಕ್ಕೆ ಬರುವ ಬಸುರಿ ಬಾಣಂತಿಯರು, ತಾಂಡಾದಿಂದ ಗುಳೆ ಹೋಗುವವರು. ಇವರ ಸಂಕಟಕ್ಕೆ ರಿಪೋರ್ಟು ಇರುವುದಿಲ್ಲ, ಹುಡುಕಬೇಕು. ಹಾಗೆ ಹುಡುಕಿದವರ ಕಥೆ ಕೇಳು. ವಾಡಿಯಲ್ಲಿ ರೈಲು ಹತ್ತಿ ಚಿತ್ತಾಪುರ, ಸೇಡಂ ದಾಟಿ ಹೈದರಾಬಾದ್ ಮುಟ್ಟಿದರೆ ಅಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆಯಿದೆ. ಕೂನೂರಿನಲ್ಲಿ ಬೆಳೆದು 1958ರಲ್ಲಿ ಅಲ್ಲಿಗೆ ಬಂದದ್ದು. ಬಿಸಿಲು ಬಿದ್ದಲ್ಲೆಲ್ಲ ಚರ್ಮ ಕಪ್ಪಾಗಿ ಸುಲಿಯುವ, ಮನಸ್ಸೂ ಕದಡುವ ಪೆಲಾಗ್ರ ರೋಗ ಮೆಕ್ಕೆಜೋಳ ಉಣ್ಣುವವರದು ಅಂತ ಜಗತ್ತು ತಿಳಿದಿತ್ತು. ದಖ್ಖನ್ನಿನಲ್ಲಿ ಬರೀ ಜೋಳ ಉಣ್ಣುವ ಬಡವರಲ್ಲೂ ಅದನ್ನು ಕಂಡು, ಜೋಳದಲ್ಲಿ ಹೆಚ್ಚಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲದ ಕಡೆ 1960ರಲ್ಲಿ ಬೆರಳು ತೋರಿಸಿದವರು ಆ ಸಂಸ್ಥೆಯ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ. ಲ್ಯೂಸಿನ್ ಬಗ್ಗೆ ಆಮೇಲೆ ವಾದಗಳು ನಡೆದವು. ಆದರೆ ರೊಟ್ಟಿಯೊಂದೇ ಇದ್ದ ಮನೆಯಲ್ಲಿ ರೋಗ ಬಂತು ಅನ್ನುವುದು ಉಳಿಯಿತು. ನಮ್ಮ ಶೇಂಗಾ ಹಿಂಡಿಯಲ್ಲಿ ಆ ರೋಗ ತಡೆಯುವ ನಯಾಸಿನ್ ಜೀವಸತ್ವ ಧಾರಾಳ ಇದೆ. ಆ ಹಿಂಡಿ ಯಾವ ತಾಟಿಗೆ ಬೀಳುತ್ತಿಲ್ಲ, ಯಾಕೆ ಬೀಳುತ್ತಿಲ್ಲ ಅಂತ ಮನೆಮನೆ ತಿರುಗಿ ಕೇಳುವ ಕೆಲಸ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಎರಡರಲ್ಲಿ ಯಾವುದೂ ಕಡಿಮೆಯದಲ್ಲ. 2021ರ ಸಂಬಂಧಿತ ಆರೋಗ್ಯ ವೃತ್ತಿಪರರ ಕಾಯ್ದೆ ಇಬ್ಬರನ್ನೂ ಒಂದೇ ವರ್ಗದಲ್ಲಿ ಇಟ್ಟಿದೆ. ನನಗೆ ಹೆದರಿಕೆ ಇರುವುದು ಮೂರು ತಿಂಗಳ ಆನ್‌ಲೈನ್ ಸರ್ಟಿಫಿಕೇಟಿನ ಮೇಲೆ ನ್ಯೂಟ್ರಿಷನಿಸ್ಟ್ ಅಂತ ಬೋರ್ಡು ಹಾಕಿ ಪುಡಿ ಡಬ್ಬಿ ಮಾರುವವರದು. ಆ ಕಾಯ್ದೆ ಕೇಳುವ ಅತಿ ಕಡಿಮೆ ಓದೇ 2000 ಗಂಟೆಯದು. ಸಕ್ಕರೆ ಕಾಯಿಲೆಯ ಮುದುಕಿಯೊಬ್ಬಳು ಅಂಥವರ ಮಾತು ನಂಬಿ ಗುಳಿಗೆ ಬಿಟ್ಟರೆ ಜೀವಕ್ಕೇ ಸಂಚಕಾರ.

ಕಾಲೇಜಿನ ಫೀಸು ಕಟ್ಟುವ ಮೊದಲು ಹೋಗಿ ಕೇಳು: ಇಂಟರ್ನ್‌ಶಿಪ್ ಯಾವ ಆಸ್ಪತ್ರೆಯಲ್ಲಿ, ಎಷ್ಟು ತಿಂಗಳು? ಹಳ್ಳಿಗೆ, ಅಂಗನವಾಡಿಗೆ ಕಳಿಸುತ್ತೀರಾ? ಉತ್ತರ ಕಾಗದದ ಮೇಲೆ ಬರೆದುಕೊಡದಿದ್ದರೆ ಇನ್ನೊಂದು ಕಾಲೇಜು ನೋಡು.