ನೀರೆತ್ತುವ ಎಂಜಿನ್ನಿಗೆ ಹೊತ್ತಿಗೊದಗುವ ಕಿಡಿ

ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗದ ಕಡೆಯ ರೈತರಿಗೆ ಮಳೆಯ ಲೆಕ್ಕವನ್ನು ಯಾರೂ ಕಲಿಸಬೇಕಾಗಿಲ್ಲ. ಅನಂತಪುರದ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಸರಾಸರಿ ಮಳೆ ಸುಮಾರು 550 ಮಿಲಿಮೀಟರು ಮಾತ್ರ. ಅದೂ ಬೇಕಾದಾಗ ಬಾರದು. ಕಡಲೆಕಾಯಿಯ ಹೂವಿನ ಮೊನೆ ಮಣ್ಣಿಗಿಳಿದು ಕಾಯಿ ಕಟ್ಟುವ ಹೊತ್ತಿನಲ್ಲಿ ಮಳೆ ಕೈಕೊಟ್ಟರೆ, ತೆಲುಗಿನವರು ಪಂಟ ಕುಂಟ ಎನ್ನುವ ಹೊಲದ ಹೊಂಡದಿಂದ ಒಂದು ಸಾರಿ ನೀರು ಹಾಯಿಸುವುದೇ ಉಳಿವಿನ ದಾರಿ. ಆ ದಿನ ಪಂಪಿನ ಎಂಜಿನ್ನು ಹಗ್ಗ ಎಳೆದೆಳೆದು ಕೈ ಸೋತರೂ ಹೊತ್ತಿಕೊಳ್ಳದಿದ್ದರೆ, ಹೊಂಡದಲ್ಲಿ ನೀರಿದ್ದೂ ಬೆಳೆ ಒಣಗುತ್ತದೆ.

ಪೆಟ್ರೋಲಿನಲ್ಲಿ ಹೊರಟು ಸೀಮೆಎಣ್ಣೆಯಲ್ಲಿ ಓಡುವ ಒಂದೇ ಸಿಲಿಂಡರಿನ ಹಳೆಯ ಎಂಜಿನ್ನುಗಳು ಹೀಗೆ ಹಟ ಹಿಡಿಯಲು ಬಹುಮಟ್ಟಿಗೆ ಕಿಡಿಯೇ ಕಾರಣ. ಅಂಥ ಎಂಜಿನ್ನಿಗೆ ಪಾಯಿಂಟಿಲ್ಲದ ವಿದ್ಯುನ್ಮಾನ ಕಿಡಿಯ ಏರ್ಪಾಡನ್ನು ನಾವೇ ಹೇಗೆ ಕಟ್ಟಿ ಕೂರಿಸಬಹುದೆಂಬುದು ಈ ವಾರದ ಪಾಠ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲವಾದುದರಿಂದ ಅದಕ್ಕೆ ಈ ಪಾಠ ಸಲ್ಲದು.

1. ಕಿಡಿಗೆ ಹೊತ್ತು ಏಕೆ?

ಸಿಲಿಂಡರಿನಲ್ಲಿ ಪಿಸ್ಟನ್ನು ಮೇಲೇರಿ ಗಾಳಿ ಮತ್ತು ಎಣ್ಣೆಯ ಮಿಶ್ರಣವನ್ನು ಒತ್ತುತ್ತದೆ. ಅದು ತುತ್ತತುದಿ ಮುಟ್ಟಿ ಕೆಳಗೆ ತಿರುಗಿದ ಸ್ವಲ್ಪ ಹೊತ್ತಿಗೆ ಬೆಂಕಿಯ ಒತ್ತಡ ಪೂರ್ತಿ ಬಲಕ್ಕೆ ಬಂದಿರಬೇಕು. ಮಿಶ್ರಣವೇನೋ ಒಮ್ಮೆಗೇ ಉರಿಯುವುದಿಲ್ಲ. ಕಿಡಿ ಹಾರಿದ ಮೇಲೆ ಒತ್ತಡ ಶಿಖರಕ್ಕೇರಲು ಸುಮಾರು 2 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಐನೂರರಲ್ಲಿ ಒಂದು ಪಾಲು, ಹಿಡಿಯುತ್ತದೆ. ಆದುದರಿಂದ ಪಿಸ್ಟನ್ನು ಮೇಲ್ತುದಿ ಮುಟ್ಟುವ ಮುಂಚೆಯೇ ಕಿಡಿ ಹಾರಬೇಕು.

ಲೆಕ್ಕ ನೋಡಿರಿ. ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನ್ನು ಸೆಕೆಂಡಿಗೆ 50 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 20 ಮಿಲಿಸೆಕೆಂಡು. ಸುತ್ತಿನಲ್ಲಿ 360 ಡಿಗ್ರಿಗಳಿರುವುದರಿಂದ 20 ಡಿಗ್ರಿ ದಾಟಲು ಸುಮಾರು 1.1 ಮಿಲಿಸೆಕೆಂಡು ಸಾಕು. ಕಿಡಿ ಬೇಗನಾದರೆ ಏರುವ ಪಿಸ್ಟನ್ನಿಗೆ ಬೆಂಕಿ ಎದುರು ನಿಲ್ಲುತ್ತದೆ. ಹಗ್ಗ ಕೈಯನ್ನು ಹಿಂದಕ್ಕೆಳೆದು ಮಣಿಕಟ್ಟು ಮುರಿದೀತು. ತಡವಾದರೆ ಬಲ ಕುಂದಿ ಎಂಜಿನ್ನು ಕಾದು ಎಣ್ಣೆ ದಂಡವಾಗುತ್ತದೆ. ಸೀಮೆಎಣ್ಣೆ ಪೆಟ್ರೋಲಿಗಿಂತ ಬೇಗ ಟಕಟಕ ಬಡಿಯುವ ಇಂಧನ. ಕಿಡಿ ಅತಿ ಮುಂದಾದರೆ ಅದು ಪಿಸ್ಟನ್ನನ್ನೇ ಕೆಡಿಸುತ್ತದೆ. ನಿಮ್ಮ ಎಂಜಿನ್ನಿಗೆ ಎಷ್ಟು ಡಿಗ್ರಿ ಎಂಬುದನ್ನು ಅದರ ಕೈಪುಸ್ತಕದಿಂದಲೇ ತೆಗೆದುಕೊಳ್ಳತಕ್ಕದ್ದು. ಈ ಪಾಠದಲ್ಲಿ 20 ಎಂಬುದು ಲೆಕ್ಕ ಕಲಿಯಲು ಇಟ್ಟುಕೊಂಡ ಅಂಕಿ.

2. ಹಳೆಯ ಏರ್ಪಾಡು

ಜರ್ಮನಿಯ ರಾಬರ್ಟ್ ಬಾಷ್ 1887ರಲ್ಲಿ ಮೊದಲ ಮ್ಯಾಗ್ನೆಟೊ ಕಟ್ಟಿದ್ದು ಕಾರಿಗಲ್ಲ, ಒಂದೆಡೆ ನಿಂತು ಓಡುವ ಎಂಜಿನ್ನಿಗೆ. 1902ರಲ್ಲಿ ಅವನ ಕಾರ್ಖಾನೆಯ ಗಾಟ್‌ಲೋಬ್ ಹೊನೋಲ್ಡ್ ಅಧಿಕ ಒತ್ತಡದ ಮ್ಯಾಗ್ನೆಟೊವನ್ನೂ ಅದಕ್ಕೆ ತಕ್ಕ ಪ್ಲಗ್ಗನ್ನೂ ಸಿದ್ಧಪಡಿಸಿದನು. ನಮ್ಮವರಿಗೆಲ್ಲ ಮೈಕೋ ಎಂದು ಪರಿಚಯವಾದ ಬೆಂಗಳೂರಿನ ಕಂಪನಿ 1951ರಲ್ಲಿ ಸ್ಥಾಪನೆಯಾದದ್ದು ಆ ಬಾಷ್ ಸಂಸ್ಥೆಯ ಸಂಬಂಧದಿಂದಲೇ. 2008ರಿಂದ ಅದರ ಹೆಸರೂ ಬಾಷ್ ಎಂದಾಯಿತು. ಬ್ಯಾಟರಿ ಮತ್ತು ಕಾಯಿಲಿನ ಕಿಡಿಯನ್ನು 1910ರ ಸುಮಾರಿಗೆ ರೂಢಿಗೆ ತಂದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್.

ಎರಡರಲ್ಲಿಯೂ ತತ್ತ್ವ ಒಂದೇ. ಕಾಯಿಲಿನ ದಪ್ಪ ಸುತ್ತಿನಲ್ಲಿ ಹರಿಯುವ ವಿದ್ಯುತ್ತನ್ನು ಥಟ್ಟನೆ ಕಡಿದರೆ ಸಣ್ಣ ತಂತಿಯ ಸುತ್ತಿನಲ್ಲಿ ಸಾವಿರಾರು ವೋಲ್ಟು ಹುಟ್ಟಿ ಪ್ಲಗ್ಗಿನಲ್ಲಿ ಕಿಡಿಯಾಗುತ್ತದೆ. ಹಾಗೆ ಕಡಿಯುವ ಕೆಲಸ ಪಾಯಿಂಟಿನದು. ಅದು ಸುಟ್ಟುಹೋಗದಂತೆ ಕಾಯುವುದು ಕಂಡೆನ್ಸರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಹೊರಬಂದ ಮೋಟಾರು ಸೈಕಲುಗಳೂ ಪಾಯಿಂಟಿನವೇ. ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಗಾಡಿಗಳನ್ನು ಉಳಿಸಿಕೊಂಡವರಲ್ಲಿ ಅನೇಕರು ಪಾಯಿಂಟು ತೆಗೆದು ವಿದ್ಯುನ್ಮಾನ ಕಿಡಿ ಹಾಕಿಕೊಂಡಿದ್ದಾರೆ. ಅದೇ ವಿದ್ಯೆ ನಮ್ಮ ಪಂಪಿಗೂ ಬರುತ್ತದೆ.

3. ಮೊದಲು ಪರೀಕ್ಷೆ

ಹೊಸದನ್ನು ಕಟ್ಟುವ ಮುಂಚೆ ಹಳೆಯದರ ರೋಗ ತಿಳಿಯಬೇಕು. ಪ್ಲಗ್ಗು ಬಿಚ್ಚಿ ಮಸಿ ಒರೆಸಿ ಬೇರೆ ಪ್ಲಗ್ಗು ಹಾಕಿ ನೋಡಿರಿ. ಪಾಯಿಂಟಿನ ಸಂದು ಕೈಪುಸ್ತಕ ಹೇಳಿದಷ್ಟಿದೆಯೇ ಅಳೆಯಿರಿ. ಬಹಳ ಎಂಜಿನ್ನುಗಳಿಗೆ ಅದು 0.4 ಮಿಲಿಮೀಟರಿನ ಆಸುಪಾಸು. ಪಾಯಿಂಟಿನಲ್ಲಿಯೇ ಎದ್ದು ಕಾಣುವಂತೆ ಕಿಡಿ ಸಿಡಿಯುತ್ತಿದ್ದರೆ ಕಂಡೆನ್ಸರು ಕೆಟ್ಟಿದೆ. ಫ್ಲೈವೀಲಿನ ಅರ್ಧಚಂದ್ರದ ಕೀಲು ಸವೆದು ವೀಲು ಜಾರಿದ್ದರೆ ಕಿಡಿ ಒಳ್ಳೆಯದಿದ್ದರೂ ಹೊತ್ತು ತಪ್ಪುತ್ತದೆ. ಈ ನಾಲ್ಕರಲ್ಲಿ ಒಂದು ಸರಿಹೋದರೆ ಎಂಜಿನ್ನು ಹೊರಟೀತು, ಖರ್ಚೂ ಉಳಿದೀತು. ಒತ್ತಡವೇ ಇಲ್ಲದ ಸವೆದ ಎಂಜಿನ್ನಿಗೆ ಎಂಥ ಕಿಡಿಯೂ ಜೀವ ತರಲಾರದು.

4. ಮೇಲ್ತುದಿಯ ಗುರುತು

ಇಡೀ ಕೆಲಸಕ್ಕೆ ಇದೇ ಅಡಿಪಾಯ. ಮೇಲ್ತುದಿಯ ಹತ್ತಿರ ಪಿಸ್ಟನ್ನು ಬಹು ನಿಧಾನವಾಗಿ ಚಲಿಸುವುದರಿಂದ ಕಣ್ಣಳತೆಯಲ್ಲಿ ತುದಿ ಯಾವುದೆಂದು ತಿಳಿಯದು. ಶಾಲೆಯಲ್ಲಿ ಕೋಲು ನೆಟ್ಟು ಮಧ್ಯಾಹ್ನ ಕಂಡುಹಿಡಿಯುವ ಕ್ರಮ ನೆನಪಿಸಿಕೊಳ್ಳಿರಿ. ಬೆಳಿಗ್ಗೆ ಒಂದು ನೆರಳು, ಸಂಜೆ ಅಷ್ಟೇ ಉದ್ದದ ಇನ್ನೊಂದು ನೆರಳು. ಎರಡರ ನಡುವೆ ನಡುಹಗಲು. ಇಲ್ಲಿಯೂ ಹಾಗೆಯೇ.

ಪ್ಲಗ್ಗು ತೆಗೆದು ನೇರವಾದ ಬಿದಿರು ಕಡ್ಡಿಯನ್ನು ಪಿಸ್ಟನ್ನಿನ ಮೇಲೆ ನಿಲ್ಲಿಸಿರಿ. ಪ್ಲಗ್ಗಿನ ತೂತು ಪಿಸ್ಟನ್ನಿನ ನೇರಕ್ಕಿಲ್ಲದ ಸೈಡ್ ವಾಲ್ವ್ ಎಂಜಿನ್ನಾದರೆ ಹೆಡ್ಡು ಬಿಚ್ಚಿ ಅಳೆಯತಕ್ಕದ್ದು. ಎಂಜಿನ್ನಿನ ಬಾಡಿಗೆ ಅಲುಗದ ತಂತಿಯ ಮುಳ್ಳೊಂದನ್ನು ಕಟ್ಟಿರಿ. ಫ್ಲೈವೀಲನ್ನು ಕೈಯಿಂದ ಮೆಲ್ಲಗೆ ತಿರುಗಿಸಿ, ಪಿಸ್ಟನ್ನು ತುದಿಗೆ 10 ಮಿಲಿಮೀಟರು ಕೆಳಗಿರುವಾಗ ಮುಳ್ಳಿನ ನೇರಕ್ಕೆ ವೀಲಿನ ಮೇಲೆ ಒಂದು ಗೆರೆ ಎಳೆಯಿರಿ. ತುದಿ ದಾಟಿಸಿ, ಮತ್ತೆ 10 ಮಿಲಿಮೀಟರು ಕೆಳಗಿಳಿದಾಗ ಎರಡನೆಯ ಗೆರೆ. ಎರಡು ಗೆರೆಗಳ ನಟ್ಟನಡುವೆ ಮೇಲ್ತುದಿ. ಅಲ್ಲಿ ಸೊನ್ನೆ ಎಂದು ಕೊರೆಯಿರಿ.

ಈಗ ವೀಲಿನ ಸುತ್ತಳತೆಯನ್ನು ಟೇಪಿನಿಂದ ಅಳೆದು 360ರಿಂದ ಭಾಗಿಸಿರಿ. ಸುತ್ತಳತೆ 720 ಮಿಲಿಮೀಟರಾದರೆ ಒಂದು ಡಿಗ್ರಿಗೆ 2 ಮಿಲಿಮೀಟರು, 20 ಡಿಗ್ರಿಗೆ 40 ಮಿಲಿಮೀಟರು. ಸೊನ್ನೆಯಿಂದ ವೀಲು ತಿರುಗುವ ದಿಕ್ಕಿಗೇ 40 ಮಿಲಿಮೀಟರು ಮುಂದೆ ಕಿಡಿಯ ಗೆರೆ ಎಳೆಯಿರಿ. ಆಗ ತಿರುಗುವಾಗ ಕಿಡಿಯ ಗೆರೆ ಮುಳ್ಳನ್ನು ಮೊದಲು ದಾಟಿ, ಸೊನ್ನೆ ಆಮೇಲೆ ಬರುತ್ತದೆ. ದಿಕ್ಕು ತಪ್ಪಿದರೆ ಕಿಡಿ ಮೇಲ್ತುದಿ ದಾಟಿ 20 ಡಿಗ್ರಿಯಾದ ಮೇಲೆ ಹಾರುತ್ತದೆಂಬುದನ್ನು ಮರೆಯಬಾರದು.

5. ಬೇಕಾದ ಸಾಮಗ್ರಿ

(1) 12 ವೋಲ್ಟು, 7 ಆಂಪಿಯರ್ ಗಂಟೆಯ ಬ್ಯಾಟರಿ. (2) ದಪ್ಪ ಸುತ್ತು ಸುಮಾರು 3 ಓಮ್ ಇರುವ ಹಳೆಯ ಬಗೆಯ ಬ್ಯಾಟರಿ ಕಾಯಿಲು. (3) ನಡುವೆ ಸೀಳಿರುವ ಹಾಲ್ ಸಂವೇದಕ; ಸೀಳಿನಲ್ಲಿ ಕಬ್ಬಿಣ ಹಾಯ್ದರೆ ಅದು ತಿಳಿಸುತ್ತದೆ. (4) ಕಾಯಿಲಿನ ಹರಿವನ್ನು ಕಡಿಯಲು ಇಗ್ನಿಷನ್ನಿಗೆಂದೇ ತಯಾರಿಸಿದ ಐ.ಜಿ.ಬಿ.ಟಿ. (5) ಆರ್ಡುಯಿನೊದಂಥ ಚಿಕ್ಕ ಗಣಕ ಹಲಗೆ ಮತ್ತು ಅದಕ್ಕೆ 5 ವೋಲ್ಟು ಕೊಡುವ ರೆಗ್ಯುಲೇಟರು. (6) 5 ಆಂಪಿಯರಿನ ಫ್ಯೂಸು, ಸ್ವಿಚ್ಚು, ರೆಸಿಸ್ಟರು ಇರುವ ಪ್ಲಗ್ ಕ್ಯಾಪು, ನೀರು ತಾಗದ ಡಬ್ಬಿ.

ಇನ್ನೊಂದು ವಸ್ತುವನ್ನು ವರ್ಕ್‌ಶಾಪಿನಲ್ಲಿ ಕತ್ತರಿಸಿಕೊಳ್ಳಬೇಕು: 1 ಮಿಲಿಮೀಟರು ದಪ್ಪದ ಕಬ್ಬಿಣದ ತಗಡಿನ ರೆಕ್ಕೆ. ಅಲ್ಯುಮಿನಿಯಮ್ ಅಯಸ್ಕಾಂತವನ್ನು ತಡೆಯದು. ಅದು ಕೆಲಸಕ್ಕೆ ಬಾರದು. ರೆಕ್ಕೆ 72 ಡಿಗ್ರಿಯಷ್ಟು ಅಗಲವಿರಲಿ. 3000 ಸುತ್ತಿನಲ್ಲಿ 72 ಡಿಗ್ರಿ ದಾಟಲು 4 ಮಿಲಿಸೆಕೆಂಡು ಬೇಕು. ಕಾಯಿಲು ತುಂಬಿಕೊಳ್ಳಲು ಅಷ್ಟು ಸಾಕು. ಎದುರು ಬದಿಗೆ ಅದರ ತೂಕಕ್ಕೆ ಸಮನಾದ ತೂಕ ಕೊಡದಿದ್ದರೆ ಎಂಜಿನ್ನು ನಡುಗುತ್ತದೆ.

6. ಜೋಡಣೆ

ಫ್ಲೈವೀಲಿನೊಳಗಿನ ಅಯಸ್ಕಾಂತ ಸಂವೇದಕವನ್ನು ಮೋಸಗೊಳಿಸಬಲ್ಲದು. ಆದುದರಿಂದ ರೆಕ್ಕೆಯನ್ನೂ ಸಂವೇದಕವನ್ನೂ ಸಾಧ್ಯವಾದರೆ ಎಂಜಿನ್ನಿನ ಇನ್ನೊಂದು ಬದಿಯ ದಂಡದ ಮೇಲೆ ಕೂರಿಸಿರಿ. ರೆಕ್ಕೆಯನ್ನು ಬೋಲ್ಟು ಮತ್ತು ಲಾಕ್ ವಾಷರಿನಿಂದ ಬಿಗಿಯಬೇಕು. ಎರಕದ ವೀಲಿಗೆ ವೆಲ್ಡಿಂಗ್ ಮಾಡಕೂಡದು. ಬಿರುಕು ಬಿಟ್ಟ ವೀಲು ಗುಂಡಿನಂತೆ ಸಿಡಿಯುತ್ತದೆ.

ವೀಲಿನ ಕಿಡಿಯ ಗೆರೆ ಮುಳ್ಳಿನ ನೇರಕ್ಕೆ ಬಂದ ಕ್ಷಣದಲ್ಲಿಯೇ ರೆಕ್ಕೆಯ ಹಿಂಬದಿಯ ಅಂಚು ಸೀಳಿನಿಂದ ಹೊರಬೀಳುವಂತೆ ಸಂವೇದಕವನ್ನು ಜರುಗಿಸಿ ಬಿಗಿಯಿರಿ. ರೆಕ್ಕೆ ಸೀಳಿನಲ್ಲಿರುವಾಗ ಕಾಯಿಲು ತುಂಬುತ್ತದೆ; ಹೊರಬಿದ್ದಾಗ ಕಿಡಿ ಹಾರುತ್ತದೆ. ತಂತಿಯ ದಾರಿ ಹೀಗೆ: ಬ್ಯಾಟರಿಯ ಧನದಿಂದ ಫ್ಯೂಸು, ಅಲ್ಲಿಂದ ಸ್ವಿಚ್ಚು, ಅಲ್ಲಿಂದ ಕಾಯಿಲು, ಕಾಯಿಲಿನ ಇನ್ನೊಂದು ತುದಿ ಐ.ಜಿ.ಬಿ.ಟಿ.ಗೆ, ಅದರಿಂದ ಎಂಜಿನ್ನಿನ ಬಾಡಿಗೆ. ಬ್ಯಾಟರಿಯ ಋಣವೂ ಬಾಡಿಗೆ. ಸಂವೇದಕದ ತಂತಿಗಳನ್ನು ಪ್ಲಗ್ಗಿನ ತಂತಿಯಿಂದ ದೂರ ಎಳೆಯಿರಿ. ಹಳೆಯ ಮ್ಯಾಗ್ನೆಟೊ ಕಾಯಿಲಿನ ದಪ್ಪ ಸುತ್ತನ್ನು, ಎಂಜಿನ್ನು ನಿಲ್ಲಿಸುವ ಗುಂಡಿ ಮಾಡುವಂತೆಯೇ, ಬಾಡಿಗೆ ಸೇರಿಸಿ ಸುಮ್ಮನಾಗಿಸಿರಿ.

ಗಣಕ ಹಲಗೆಗೆ ಮೂರೇ ಕೆಲಸ. ಒಂದು, ಎಂಜಿನ್ನು ಪೂರ್ತಿ ಒಂದು ಸುತ್ತು ತಿರುಗಿದುದನ್ನು ಕಾಣುವವರೆಗೆ ಕಾಯಿಲಿಗೆ ವಿದ್ಯುತ್ತು ಬಿಡಬಾರದು. ಎರಡು, ರೆಕ್ಕೆ ಸೀಳಿನಲ್ಲಿ ಇದ್ದಂತೆಯೇ ಎಂಜಿನ್ನು ನಿಂತರೆ ಸೆಕೆಂಡಿನ ಐದರಲ್ಲಿ ಒಂದು ಪಾಲಿನೊಳಗೆ ಹರಿವನ್ನು ಕಡಿಯಬೇಕು. ಇಲ್ಲದಿದ್ದರೆ 12 ವೋಲ್ಟಿಗೆ 4 ಆಂಪಿಯರಿನಂತೆ 48 ವಾಟಿನ ಕಾವು ಕಾಯಿಲನ್ನು ಸುಡುತ್ತದೆ. ಮೂರು, ಹಗ್ಗ ಎಳೆಯುವಾಗ ಕಿಡಿಯನ್ನು ತಡಮಾಡಬೇಕು. 400 ಸುತ್ತಿನ ವೇಗದಲ್ಲಿ ಒಂದು ಸುತ್ತಿಗೆ 150 ಮಿಲಿಸೆಕೆಂಡು. ಅಲ್ಲಿ 15 ಡಿಗ್ರಿಗೆ 6.25 ಮಿಲಿಸೆಕೆಂಡು ಕಾದರೆ ಕಿಡಿ ತುದಿಗೆ 5 ಡಿಗ್ರಿ ಮುಂಚೆ ಹಾರಿ ಕೈಗೆ ಪೆಟ್ಟು ತಪ್ಪುತ್ತದೆ. ವೇಗ ಬಂದ ಮೇಲೆ ಕಾಯುವುದನ್ನು ಬಿಟ್ಟರಾಯಿತು.

ಕಾರಿನ ಎಂಜಿನ್ನಿಗೆ ವೇಗ, ಭಾರ, ಕಾವು ಎಲ್ಲವನ್ನೂ ನೋಡಿ ಕಿಡಿಯ ಜೊತೆಗೆ ಪೆಟ್ರೋಲನ್ನೂ ಅಳೆದು ಹಾಕುವ ಗಣಕ ಬೇಕು. ಅಮೆರಿಕದ ಇಬ್ಬರು 2001ರಲ್ಲಿ ಹವ್ಯಾಸಿಗಳಿಗೆಂದು ಹೊರತಂದ ಮೆಗಾಸ್ಕ್ವರ್ಟ್, ಆರ್ಡುಯಿನೊ ಹಲಗೆಯ ಮೇಲೆ ಕಟ್ಟುವ ಸ್ಪೀಡುಯಿನೊ ಅಂಥವು. ಹೊಸೂರಿನ ಟಿ.ವಿ.ಎಸ್. ಕಂಪನಿಯ ಎಕ್ಸ್.ಎಲ್. ಮೊಪೆಡ್ಡಿಗೂ 2020ರಲ್ಲಿ ಇಂಧನ ಚಿಮ್ಮಿಸುವ ಗಣಕ ಬಂದಿತು. ನಮ್ಮ ಪಂಪು ಗವರ್ನರಿನ ಕೈಯಲ್ಲಿ ಒಂದೇ ವೇಗದಲ್ಲಿ ಓಡುವಂಥದು. ಅದಕ್ಕೆ ಕಾರ್ಬ್ಯುರೇಟರೇ ಸಾಕು, ಎರಡೇ ಹಂತದ ಕಿಡಿ ಸಾಕು.

7. ಮೊದಲ ಚಾಲನೆ

ಕಾಯಿಲಿಗೆ ತಂತಿ ಕೊಡುವ ಮುಂಚೆ ಸಂವೇದಕಕ್ಕೆ ಚಿಕ್ಕ ಎಲ್.ಇ.ಡಿ. ದೀಪ ಸೇರಿಸಿ ವೀಲನ್ನು ಕೈಯಿಂದ ತಿರುಗಿಸಿರಿ. ಗೆರೆ ಮುಳ್ಳನ್ನು ಮುಟ್ಟಿದಾಗಲೇ ದೀಪ ಬದಲಾಗಬೇಕು. ಆಮೇಲೆ ಪ್ಲಗ್ಗು ಹೊರಗಿಟ್ಟು ಬಾಡಿಗೆ ತಾಗಿಸಿ ಹಗ್ಗ ಎಳೆದು ಕಿಡಿ ನೋಡಿರಿ. ಆಗ ಹತ್ತಿರದಲ್ಲಿ ಎಣ್ಣೆಯಾಗಲಿ ಅದರ ಆವಿಯಾಗಲಿ ಇರಕೂಡದು, ಪ್ಲಗ್ಗನ್ನು ತೂತಿನಿಂದ ದೂರವೇ ಇಡಬೇಕು. ಎಂಜಿನ್ನು ಹೊರಟು ಪೂರ್ತಿ ವೇಗಕ್ಕೆ ಬಂದ ಮೇಲೆ ಕಾರು ಗ್ಯಾರೇಜಿನಿಂದ ತಂದ ಟೈಮಿಂಗ್ ಲೈಟಿನಿಂದ ಗೆರೆ ಮುಳ್ಳಿನ ನೇರಕ್ಕೆ ನಿಂತಿದೆಯೇ ಪರೀಕ್ಷಿಸಿರಿ.

ಬ್ಯಾಟರಿಯ ಲೆಕ್ಕ: 20 ಮಿಲಿಸೆಕೆಂಡಿನಲ್ಲಿ 4 ಮಿಲಿಸೆಕೆಂಡು ಮಾತ್ರ ಹರಿಯುವ 4 ಆಂಪಿಯರು ಸರಾಸರಿಗೆ 0.8 ಆಂಪಿಯರನ್ನು ಮೀರದು. 7 ಆಂಪಿಯರ್ ಗಂಟೆಯ ಬ್ಯಾಟರಿ ಪೂರ್ತಿ ಬರಿದಾಗದಂತೆ 5 ಗಂಟೆ ಓಡಿಸಿ ರಾತ್ರಿ ಚಾರ್ಜು ಮಾಡಿಕೊಳ್ಳಬಹುದು.

8. ಎಚ್ಚರಿಕೆಗಳು

ಓಡುವ ಎಂಜಿನ್ನಿನ ಪ್ಲಗ್ ತಂತಿಯನ್ನು ಮುಟ್ಟಬೇಡಿರಿ. ಒದ್ದೆ ಗದ್ದೆಯಲ್ಲಿ ಅದು ಇನ್ನೂ ಅಪಾಯ. ರೆಕ್ಕೆಗೆ ತಗಡಿನ ಮುಚ್ಚಳ ಹಾಕದೆ ಓಡಿಸಬೇಡಿರಿ. ಪಂಚೆ, ಸೀರೆಯ ಅಂಚು ಸಿಕ್ಕೀತು. ರಸ್ತೆಯ ಗಾಡಿಗಳಲ್ಲಿ ಈ ಪ್ರಯೋಗ ಬೇಡ; ತಯಾರಕರು ಕೊಟ್ಟ ರೂಪವನ್ನು ಬದಲಿಸುವುದಕ್ಕೆ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯ ನಿರ್ಬಂಧವಿದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕಾಲ. ಈ ಕೆಲಸವನ್ನು ಬೇಸಗೆಯಲ್ಲಿ ಮಾಡಿರಿ. ಮುಂಗಾರು ಬಿತ್ತನೆಗೆ ಮುಂಚೆ ಹೊಂಡದ ಏರಿಯ ಮೇಲೆ ಎರಡು ಗಂಟೆ ಭಾರದ ಮೇಲೆ ಓಡಿಸಿ ನೋಡಿರಿ. ಹಳೆಯ ಪಾಯಿಂಟಿನ ತಟ್ಟೆಯನ್ನು ಬಿಚ್ಚಿ ಎಸೆಯದೆ, ಹೊಸ ಕಂಡೆನ್ಸರಿನೊಡನೆ ಎಣ್ಣೆಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿರಿ. ಹಲಗೆ ಕೆಟ್ಟ ದಿನ ಅದೇ ಬೆಳೆ ಉಳಿಸುತ್ತದೆ.

ಅಭ್ಯಾಸ

(1) ಫ್ಲೈವೀಲಿನ ಸುತ್ತಳತೆ 540 ಮಿಲಿಮೀಟರು. 20 ಡಿಗ್ರಿಗೆ ಎಷ್ಟು ಮಿಲಿಮೀಟರು? (2) ನಿಮಿಷಕ್ಕೆ 2400 ಸುತ್ತಿನಲ್ಲಿ 72 ಡಿಗ್ರಿಯ ರೆಕ್ಕೆ ಸೀಳು ದಾಟಲು ಎಷ್ಟು ಹೊತ್ತು? (3) 10 ಮಿಲಿಮೀಟರು ಆಳದ ಎರಡು ಗೆರೆಗಳ ನಡುವೆ 96 ಮಿಲಿಮೀಟರು ಇದ್ದರೆ ಸೊನ್ನೆ ಎಲ್ಲಿ?

ಉತ್ತರ: (1) 30 ಮಿಲಿಮೀಟರು. (2) 5 ಮಿಲಿಸೆಕೆಂಡು. (3) ಯಾವ ಗೆರೆಯಿಂದಾದರೂ 48 ಮಿಲಿಮೀಟರಿನಲ್ಲಿ. ಮನೆಯ ಮಕ್ಕಳಿಂದ ಈ ಲೆಕ್ಕ ಮಾಡಿಸಿ, ಆಮೇಲೆ ಅವರ ಕೈಗೇ ಟೇಪು ಕೊಟ್ಟು ನಿಮ್ಮ ಎಂಜಿನ್ನಿನ ವೀಲನ್ನು ಅಳೆಯಿಸಿರಿ.