ಗಣಕಯಂತ್ರದ ಧ್ವನಿ ಒಡೆದು ಕೇಳಿಸಿದಾಗ

ಗಣಕಯಂತ್ರವನ್ನು ಚಾಲನೆಗೊಳಿಸಿದಾಗ, ಸಾಧನವೊಂದನ್ನು ಜೋಡಿಸಿದಾಗ ಅಥವಾ ತಪ್ಪು ಸಂಭವಿಸಿದಾಗ ಕೇಳಿಬರುವ ಕಿರುಧ್ವನಿಗಳನ್ನು ವ್ಯವಸ್ಥಾ ಧ್ವನಿಗಳೆಂದು ಕರೆಯುತ್ತಾರೆ. ಕಣ್ಣಿದ್ದವರಿಗೆ ಇವು ಅನುಕೂಲ ಮಾತ್ರ. ದೃಷ್ಟಿದೋಷವುಳ್ಳವರಿಗೆ ಇವೇ ಆಧಾರ. 2006ರಲ್ಲಿ ಆಸ್ಟ್ರೇಲಿಯದ ಅಂಧ ತಂತ್ರಜ್ಞ ಮೈಕೆಲ್ ಕರನ್ ಅವರು ಆರಂಭಿಸಿದ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವು ಪರದೆಯ ಮೇಲಿನ ಬರಹವನ್ನು ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ಧ್ವನಿ ಒಡೆದರೆ ಇದನ್ನು ನೆಚ್ಚಿದ ವಿದ್ಯಾರ್ಥಿಯ ಓದು, ನೌಕರನ ಕೆಲಸ ಆ ಕ್ಷಣವೇ ನಿಲ್ಲುತ್ತದೆ.

1991ರಲ್ಲಿ ಅಭಿವೃದ್ಧಿ ಪ್ರಾಧಿಕಾರ ರಚನೆಯಾದ ಮೇಲೆ ಬೆಳೆದುಬಂದ ಗ್ರೇಟರ್ ನೋಯ್ಡಾದಂತಹ ನಗರದಲ್ಲಿ ಉದ್ಯೋಗ ಅಥವಾ ವ್ಯಾಸಂಗದ ನಿಮಿತ್ತ ನೆಲೆಸುವ ಕನ್ನಡಿಗರಿಗೆ ಇನ್ನೊಂದು ತೊಡಕುಂಟು. ದೋಷವನ್ನು ದುರಸ್ತಿಗಾರನಿಗೆ ಹಿಂದಿಯಲ್ಲಿ ವಿವರಿಸಬೇಕು. ‘ಆವಾಜ್ ಫಟ್ ರಹೀ ಹೈ’ ಎಂದಷ್ಟೇ ಹೇಳಿದರೆ ಸ್ಪೀಕರನ್ನೋ ಇಡೀ ಫಲಕವನ್ನೋ ಬದಲಾಯಿಸುವ ಸಲಹೆ ಬರಬಹುದು. ದೋಷ ಎಲ್ಲಿದೆ ಎಂಬುದನ್ನು ಬಳಕೆದಾರನೇ ಮೊದಲು ಗುರುತಿಸಿಕೊಂಡರೆ ಅನಗತ್ಯ ವೆಚ್ಚ ತಪ್ಪುತ್ತದೆ.

ಧ್ವನಿಯ ಹಾದಿ

ಗಣಕದಲ್ಲಿ ಧ್ವನಿಯು ಅಂಕಿಗಳ ರೂಪದಲ್ಲಿರುತ್ತದೆ. ಸೆಕೆಂಡಿಗೆ 44,100 ಅಥವಾ 48,000 ಮಾದರಿಗಳು. 16 ಬಿಟ್ ಧ್ವನಿಯಲ್ಲಿ ಪ್ರತಿ ಮಾದರಿಗೂ 65,536 ಮಟ್ಟಗಳು. ಡ್ರೈವರ್ ಎಂಬ ಚಾಲಕ ತಂತ್ರಾಂಶವು ಈ ಅಂಕಿಗಳನ್ನು ಮುಖ್ಯ ಫಲಕದ ಮೇಲಿನ ಧ್ವನಿ ಚಿಪ್ಪಿಗೆ ತಲಪಿಸುತ್ತದೆ. ಚಿಪ್ಪು ಅವನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತದೆ. ಆ ಸಂಕೇತವು ತಂತಿಯ ಮೂಲಕ ಸ್ಪೀಕರನ್ನು ಸೇರಿ, ಅಲ್ಲಿ ವರ್ಧನೆಗೊಂಡು ಕೇಳುವ ಧ್ವನಿಯಾಗುತ್ತದೆ. ಈ ಹಾದಿಯ ಯಾವ ಹಂತದಲ್ಲಾದರೂ ಕೆಡುಕು ಉಂಟಾಗಬಹುದು.

ಕೆಡುಕಿನ ಬಗೆಗಳು

1. ಧ್ವನಿ ಜೋರಾದಾಗ ಮಾತ್ರ ಒಡೆಯುವುದು: ಗರಿಷ್ಠ ಮಟ್ಟವನ್ನು ಮೀರಿದ ಅಲೆಯ ನೆತ್ತಿ ಕತ್ತರಿಸಿಹೋಗುವುದೇ ಇದಕ್ಕೆ ಸಾಮಾನ್ಯ ಕಾರಣ. ಸ್ಪೀಕರಿನ ಕಾಗದದ ಶಂಕು ಹರಿದಿದ್ದರೂ ಹೀಗಾಗುತ್ತದೆ.

2. ಚಟಪಟ ಸದ್ದು, ತಡವರಿಕೆ: ಅಂಕಿಗಳು ಸಕಾಲಕ್ಕೆ ಚಿಪ್ಪನ್ನು ತಲಪುತ್ತಿಲ್ಲ. ಚಾಲಕ ತಂತ್ರಾಂಶದ ದೋಷವೋ ಗಣಕದ ಮೇಲಿನ ಅತಿಭಾರವೋ ಇದಕ್ಕೆ ಕಾರಣವಾಗಿರುತ್ತದೆ. ತಂತಿಯನ್ನು ಅಲುಗಿಸಿದಾಗ ಮಾತ್ರ ಸದ್ದು ಬಂದರೆ ಜೋಡಣೆ ಸಡಿಲವಾಗಿದೆ ಎಂದು ತಿಳಿಯಬೇಕು.

3. ನಿರಂತರ ಗುಂಯ್‌ಗುಟ್ಟುವಿಕೆ: ನಮ್ಮ ದೇಶದ ವಿದ್ಯುತ್ ಪೂರೈಕೆಯ ಆವರ್ತನ 50 ಹರ್ಟ್ಸ್. ಭೂಸಂಪರ್ಕ ಸರಿಯಿಲ್ಲದಿದ್ದರೆ ಅದು ಸ್ಪೀಕರಿನಲ್ಲಿ ಕೇಳಿಸುತ್ತದೆ.

4. ಕಿರುಧ್ವನಿಯ ಆರಂಭ ನುಂಗಿಹೋಗುವುದು: ವಿದ್ಯುತ್ ಉಳಿತಾಯಕ್ಕಾಗಿ ವಿಶ್ರಮಿಸಿದ ಚಿಪ್ಪು ಎಚ್ಚರಗೊಳ್ಳಲು ಕ್ಷಣಕಾಲ ಬೇಕು. ಹಾಡಿನಲ್ಲಿ ಈ ಲೋಪ ತಿಳಿಯದು. ಅರ್ಧ ಸೆಕೆಂಡಿನ ವ್ಯವಸ್ಥಾ ಧ್ವನಿಯಲ್ಲಿ ಎದ್ದು ಕಾಣುತ್ತದೆ.

ಪರೀಕ್ಷೆಯ ಕ್ರಮ

ಹೊರಗಿನಿಂದ ಒಳಕ್ಕೆ, ಖರ್ಚಿಲ್ಲದ್ದರಿಂದ ಖರ್ಚಿನದಕ್ಕೆ ಸಾಗುವುದು ಲೇಸು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು. ಇಲ್ಲವಾದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯುವುದಿಲ್ಲ.

ಮೊದಲು ಸ್ಪೀಕರಿನ ಬದಲು ಇಯರ್‌ಫೋನ್ ಜೋಡಿಸಬೇಕು. ಧ್ವನಿ ಸ್ಪಷ್ಟವಾಗಿದ್ದರೆ ದೋಷ ಸ್ಪೀಕರಿನದು ಅಥವಾ ಅದರ ತಂತಿಯದು. ಪ್ಲಗ್ಗು ಹಸಿರು ರಂಧ್ರದಲ್ಲಿ ಪೂರ್ಣವಾಗಿ ಕುಳಿತಿರಬೇಕು. ಮೇ, ಜೂನ್ ತಿಂಗಳುಗಳಲ್ಲಿ ದಿಲ್ಲಿಯ ಸುತ್ತಮುತ್ತ ಬೀಸುವ ಧೂಳುಗಾಳಿಯಿಂದ ರಂಧ್ರಗಳಲ್ಲಿ ಧೂಳು ಸೇರುವುದುಂಟು. ವಿದ್ಯುತ್ ಸಂಪರ್ಕ ತಪ್ಪಿಸಿದ ಬಳಿಕ ಒಣ ಮೃದು ಕುಂಚದಿಂದ ಅದನ್ನು ತೆಗೆಯಬೇಕು.

ಅನಂತರ ಹಾಡೊಂದನ್ನು ನುಡಿಸಬೇಕು. ಹಾಡು ಸರಿಯಾಗಿದ್ದು ವ್ಯವಸ್ಥಾ ಧ್ವನಿಗಳು ಮಾತ್ರ ಕೆಟ್ಟಿದ್ದರೆ ಯಂತ್ರಭಾಗಗಳಲ್ಲಿ ದೋಷವಿರುವ ಸಂಭವ ಕಡಿಮೆ. ಧ್ವನಿ ಯೋಜನೆಯನ್ನು ‘ವಿಂಡೋಸ್ ಡಿಫಾಲ್ಟ್’ಗೆ ಮರಳಿಸಿ ನೋಡಬೇಕು.

ಎರಡೂ ಕೆಟ್ಟಿದ್ದರೆ ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ಸೌಂಡ್ ಪುಟವನ್ನು ತೆರೆದು ‘ಆಡಿಯೊ ಎನ್‌ಹ್ಯಾನ್ಸ್‌ಮೆಂಟ್ಸ್’ ಎಂಬುದನ್ನು ನಿಲ್ಲಿಸಬೇಕು. ಧ್ವನಿಯನ್ನು ಹಿಗ್ಗಿಸಲೆಂದು ಇರುವ ಈ ಸೌಲಭ್ಯವೇ ಕೆಲವೊಮ್ಮೆ ಅದನ್ನು ಒಡೆಯುತ್ತದೆ. ನವೀಕರಣದ ಮರುದಿನವೇ ತೊಂದರೆ ಕಾಣಿಸಿಕೊಂಡಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಹಿಂದಿನ ಚಾಲಕ ತಂತ್ರಾಂಶಕ್ಕೆ ಮರಳಬಹುದು.

ಗಮನಿಸಬೇಕಾದ ಎಚ್ಚರಿಕೆಗಳು

ಚಾಲಕ ತಂತ್ರಾಂಶವನ್ನು ತೆಗೆದುಹಾಕಿದರೆ ಧ್ವನಿ ಪೂರ್ತಿ ನಿಲ್ಲಬಹುದು. ಆಗ ಪರದೆ ಓದುವ ತಂತ್ರಾಂಶವೂ ಮೂಕವಾಗುತ್ತದೆ. ಆದ್ದರಿಂದ ದೃಷ್ಟಿದೋಷವುಳ್ಳವರ ಗಣಕದಲ್ಲಿ ಈ ಕೆಲಸಕ್ಕೆ ಕೈಹಾಕುವ ಮುನ್ನ ಯುಎಸ್‌ಬಿ ಹೆಡ್‌ಸೆಟ್ ಒಂದನ್ನು ಜೋಡಿಸಿ, ಓದುವ ಧ್ವನಿ ಅದರಲ್ಲಿ ಬರುವಂತೆ ಮಾಡಿಕೊಳ್ಳಬೇಕು. ಅದರಲ್ಲಿ ಪ್ರತ್ಯೇಕ ಧ್ವನಿ ಚಿಪ್ಪು ಇರುವುದರಿಂದ ಮಾತು ನಿಲ್ಲುವುದಿಲ್ಲ. ಫಲಕದ ಚಿಪ್ಪೇ ಕೆಟ್ಟಿದ್ದಲ್ಲಿ ಇದೇ ಶಾಶ್ವತ ಪರಿಹಾರವೂ ಆಗುತ್ತದೆ; ಫಲಕವನ್ನು ಬದಲಿಸುವ ಅಗತ್ಯವಿಲ್ಲ.

ಗುಂಯ್‌ಗುಟ್ಟುವಿಕೆಯನ್ನು ನಿಲ್ಲಿಸಲೆಂದು ಭೂಸಂಪರ್ಕದ ಪಿನ್ನನ್ನು ಎಂದಿಗೂ ಕತ್ತರಿಸಕೂಡದು. ಅದು ಜೀವರಕ್ಷಣೆಗಾಗಿ ಇರುವಂಥದು. ಸಾಕೆಟ್ಟನ್ನು ನುರಿತ ವಿದ್ಯುತ್ ಕೆಲಸಗಾರರಿಂದ ಪರೀಕ್ಷೆ ಮಾಡಿಸಬೇಕು.

ಇಷ್ಟಾದ ಮೇಲೂ ಕೆಟ್ಟುಹೋದದ್ದು ಸ್ಪೀಕರೇ ಎಂದು ಖಚಿತವಾದರೆ ಅದನ್ನು ಕಸದ ಬುಟ್ಟಿಗೆ ಎಸೆಯದೆ ನೋಂದಾಯಿತ ಮರುಬಳಕೆ ಘಟಕಕ್ಕೆ ತಲಪಿಸುವುದು ಒಳ್ಳೆಯದು. ದುರಸ್ತಿಗಾರನ ಬಳಿಗೆ ಹೋಗುವುದಾದರೆ ಏನೇನು ಪರೀಕ್ಷಿಸಲಾಯಿತು, ಯಾವಾಗ ಧ್ವನಿ ಒಡೆಯಿತು ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಬೇಕು. ದೋಷದ ನೆಲೆ ತಿಳಿದಿದ್ದರೆ ಭಾಷೆ ಹೊಸದಾದರೂ ಮಾತು ತಪ್ಪುವುದಿಲ್ಲ.